ಕಾಂಗರೂ ಬಾಲ ಹಿಡಿದ ಫಿಸಿಕ್ಸ್ ಪ್ರೊಫೆಸರ್

ಫಿಸಿಕ್ಸ್ ವಿಭಾಗದಲ್ಲಿ ಕಾಂಗರೂ ಬಾಲಕ್ಕೇನು ಕೆಲಸ? 1950ರ ದಶಕದ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಕೆಲಸವಿತ್ತು. ಅಲ್ಲಿನ ಪ್ರೊಫೆಸರ್ ಜಿ. ಎನ್. ರಾಮಚಂದ್ರನ್ ಆ ಬಾಲದ ನಾರಿನ ಎಕ್ಸ್-ರೇ ಚಿತ್ರಗಳನ್ನು ಮುಂದಿಟ್ಟುಕೊಂಡು ಕೂತಿದ್ದರು.

ಒಂದು ಕಡೆ ನಿಲ್ಲುವ ಆಸಾಮಿಯೇ ಅಲ್ಲ ಅವರು. 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು. ಅಲ್ಲಿ ಸಿ. ವಿ. ರಾಮನ್ ಸಿಕ್ಕರು, ಹುಡುಗ ಭೌತಶಾಸ್ತ್ರಕ್ಕೆ ಹಾರಿದ. ಆಮೇಲೆ ಹರಳುಗಳ ಅಧ್ಯಯನ, ಕೇಂಬ್ರಿಜ್. 1952ರಲ್ಲಿ ಮದ್ರಾಸಿನಲ್ಲಿ ವಿಭಾಗದ ಮುಖ್ಯಸ್ಥರಾದಾಗ ವಯಸ್ಸು ಮೂವತ್ತರ ಆಸುಪಾಸು. 1971ರಲ್ಲಿ ಎ. ವಿ. ಲಕ್ಷ್ಮೀನಾರಾಯಣನ್ ಜೊತೆ, ಹಲವು ಕೋನಗಳಿಂದ ತೆಗೆದ ಎಕ್ಸ್-ರೇ ನೆರಳುಗಳನ್ನು ಸೇರಿಸಿ ಒಳಗಿನ ಚಿತ್ರ ಕಟ್ಟುವ ಚುರುಕಾದ ಲೆಕ್ಕವನ್ನೂ ಕೊಟ್ಟರು. ಸಿಟಿ ಸ್ಕ್ಯಾನರ್‌ಗಳು ಬಹಳ ಕಾಲ ನಡೆದದ್ದು ಇಂಥದ್ದೇ ಲೆಕ್ಕದ ಮೇಲೆ.

ನನಗೆ ಜಾಸ್ತಿ ಇಷ್ಟವಾಗುವುದು ಬಾಲದ ಕಥೆಯೇ. ಚರ್ಮ, ಮೂಳೆ, ನಾರುಗಳಿಗೆ ಗಟ್ಟಿತನ ಕೊಡುವ ಪ್ರೋಟೀನ್ ಕೊಲಾಜೆನ್. ಕಾಂಗರೂ ಬಾಲದ ನಾರಿನಲ್ಲಿರುವುದೂ ಅದೇ. ಊರಿನಲ್ಲೇ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇತ್ತಲ್ಲ, ಮಾದರಿಗಳಿಗೆ ಅದರ ನೆರವು ಸಿಕ್ಕಿತು. 1954-55ರಲ್ಲಿ ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ ಹೇಳಿದರು: ಕೊಲಾಜೆನ್ ಅಂದರೆ ಜಡೆಯಂತೆ ಹೆಣೆದ ಮೂರು ಎಳೆ. ಎಳೆಯ ಪ್ರತಿ ಮೂರನೇ ಜಾಗದಲ್ಲಿ ಗ್ಲೈಸೀನ್, ಅಂದರೆ ಪ್ರೋಟೀನ್ ಕಟ್ಟುವ ಅಮೈನೋ ಆಮ್ಲಗಳಲ್ಲೇ ಅತಿ ಚಿಕ್ಕದು, ಕೂತಿರುತ್ತದೆ. ಯಾಕೆ? ಎಳೆಗಳು ಕೂಡುವ ನಡುಭಾಗ ತೀರಾ ಇಕ್ಕಟ್ಟು. ಪಕ್ಕಕ್ಕೆ ಬರೀ ಒಂದು ಹೈಡ್ರೋಜನ್ ಚಾಚುವ ಗ್ಲೈಸೀನ್ ಮಾತ್ರ ಅಲ್ಲಿ ಹಿಡಿಸುತ್ತದೆ.

ಡಿಎನ್‌ಎ ರಚನೆ ಬಿಡಿಸಿದವರಲ್ಲಿ ಒಬ್ಬರಾದ ಫ್ರಾನ್ಸಿಸ್ ಕ್ರಿಕ್ ಮತ್ತು ವಿಜ್ಞಾನಿ ಅಲೆಕ್ಸಾಂಡರ್ ರಿಚ್ ತಕರಾರು ತೆಗೆದರು: ನಿಮ್ಮ ಮಾದರಿಯಲ್ಲಿ ಕೆಲವು ಪರಮಾಣುಗಳು ತೀರಾ ಹತ್ತಿರ ಬಂದಿವೆ. ರಾಮಚಂದ್ರನ್ ಸುಮ್ನೆ ವಾದಕ್ಕಿಳಿಯಬಹುದಿತ್ತು. ಅದರ ಬದಲು ಬುಡದ ಪ್ರಶ್ನೆಗೇ ಕೈ ಹಾಕಿದರು. ಹತ್ತಿರ ಅಂದರೆ ಎಷ್ಟು ಹತ್ತಿರ? ಅಷ್ಟರವರೆಗೆ ಅಳೆದಿದ್ದ ಹರಳುಗಳ ರಚನೆಗಳನ್ನು ಜಾಲಾಡಿ, ಯಾವ ಪರಮಾಣು ಯಾವುದಕ್ಕೆ ಎಷ್ಟು ಹತ್ತಿರ ಬರಬಲ್ಲದು ಎಂದು ಪಟ್ಟಿ ಮಾಡಿದರು.

ಪ್ರೋಟೀನಿನ ಬೆನ್ನೆಲುಬು, ಅಂದರೆ ಅದರ ಉದ್ದನೆಯ ಮುಖ್ಯ ಸರಪಳಿ, ಪ್ರತಿ ಗೆಣ್ಣಿನಲ್ಲೂ ಎರಡು ಕಡೆ ತಿರುಗುತ್ತದೆ. ಆ ಎರಡು ಕೋನಗಳ ಹೆಸರು ಫೈ ಮತ್ತು ಸೈ. ಒಂದನ್ನು ಅಡ್ಡಕ್ಕೆ, ಇನ್ನೊಂದನ್ನು ಉದ್ದಕ್ಕೆ ಗುರುತಿಸಿ. ಪರಮಾಣುಗಳು ಒಂದಕ್ಕೊಂದು ತಾಗುವ ಜಾಗಗಳನ್ನೆಲ್ಲ ಅಳಿಸಿ. ನಕ್ಷೆಯ ಬಹುಪಾಲು ಖಾಲಿಯಾಗಿ ಕೆಲವೇ ದ್ವೀಪಗಳು ಉಳಿಯುತ್ತವೆ. ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಜೊತೆ 1963ರಲ್ಲಿ ಪ್ರಕಟಿಸಿದ ಈ ನಕ್ಷೆಯೇ ರಾಮಚಂದ್ರನ್ ಪ್ಲಾಟ್. ದೊಡ್ಡ ಕಂಪ್ಯೂಟರ್ ಕೈಲಿಲ್ಲದ ಕಾಲದ ಕೆಲಸ ಇದು. ಕೊಲಾಜೆನ್‌ನ ಮೂಲ ಮಾದರಿಯ ಸಣ್ಣಪುಟ್ಟ ವಿವರಗಳು ಆಮೇಲೆ ಬದಲಾದವು, ಮೂರೆಳೆಯ ಹೆಣಿಗೆ ಉಳಿಯಿತು. ಆದರೆ ತಕರಾರಿನಿಂದ ಹುಟ್ಟಿದ ನಕ್ಷೆ ಮಾದರಿಗಿಂತಲೂ ದೊಡ್ಡದಾಗಿ ಬೆಳೆಯಿತು, ಅಲ್ವಾ?

ಇವತ್ತಿಗೂ ಪ್ರೋಟೀನಿನ ಹೊಸ ರಚನೆ ಬಿಡಿಸಿದವರು ಅದನ್ನು ಈ ನಕ್ಷೆಗೆ ಹಚ್ಚಿ ನೋಡುತ್ತಾರೆ. ಖಾಲಿ ಜಾಗದಲ್ಲಿ ಚುಕ್ಕೆಗಳು ಜಾಸ್ತಿ ಬಿದ್ದರೆ, ಮತ್ತೆ ಕೂತು ತಪ್ಪು ಹುಡುಕಬೇಕು.