ಶೆರಿ ಕ್ಯಾಸ್ಕ್ ಸಿಂಗಲ್ ಮಾಲ್ಟ್ ಅಂದರೆ ಏನು?

ಬಾಟಲಿ ಮೇಲೆ ‘ಶೆರಿ ಕ್ಯಾಸ್ಕ್’ ಅಂತ ಕಂಡರೆ ವಿಸ್ಕಿಗೆ ಶೆರಿ ಬೆರೆಸಿದ್ದಾರೆ ಅಂದುಕೊಳ್ಳಬೇಡಿ. ಶೆರಿ ತುಂಬಿಟ್ಟಿದ್ದ ಓಕ್ ಮರದ ಪೀಪಾಯಿಯಲ್ಲಿ ಆ ವಿಸ್ಕಿ ಮಾಗಿದೆ, ಅಷ್ಟೇ. ಶೆರಿ ಅಂದರೆ ದಕ್ಷಿಣ ಸ್ಪೇನಿನ ಹೆರೆಸ್ ಸುತ್ತಮುತ್ತ ಮಾಡುವ ಖಡಕ್ ವೈನ್. ಸಿಂಗಲ್ ಮಾಲ್ಟ್ ಅಂದರೆ ಒಂದೇ ಡಿಸ್ಟಿಲರಿಯಲ್ಲಿ, ಬರೀ ಮೊಳಕೆ ಬರಿಸಿದ ಬಾರ್ಲಿಯಿಂದ ಇಳಿಸಿದ ವಿಸ್ಕಿ.

ಹಿಂದೆ ಶೆರಿ ಪೀಪಾಯಿಯಲ್ಲೇ ಹಡಗೇರಿ ಬ್ರಿಟನ್ನಿಗೆ ಬರುತ್ತಿತ್ತು. ಖಾಲಿ ಪೀಪಾಯಿಗಳನ್ನು ಸ್ಕಾಟ್ಲೆಂಡಿನವರು ಅಗ್ಗಕ್ಕೆ ಕೊಳ್ಳುತ್ತಿದ್ದರು. 1980ರ ದಶಕದಲ್ಲಿ ಶೆರಿಯನ್ನು ಸ್ಪೇನಿನಲ್ಲೇ ಬಾಟಲಿಗೆ ತುಂಬಬೇಕು ಅಂತಾಯಿತು. ಆ ಪೀಪಾಯಿಗಳು ಬರುವುದು ನಿಂತಿತು. ಈಗ ಹೊಸ ಪೀಪಾಯಿ ಮಾಡಿಸಿ, ಶೆರಿ ತುಂಬಿ, ಒಂದೆರಡು ವರ್ಷ ಬಿಟ್ಟು, ಬರಿದು ಮಾಡಿ ಕಳಿಸುತ್ತಾರೆ. ಆ ಶೆರಿ ಸಾಮಾನ್ಯವಾಗಿ ಯಾರ ಗ್ಲಾಸಿಗೂ ಬರುವುದಿಲ್ಲ. ವಿನೆಗರ್ ಆಗುತ್ತದೆ, ಇಲ್ಲಾ ಬ್ರಾಂಡಿ ಭಟ್ಟಿಗೆ ಹೋಗುತ್ತದೆ. ವಿಸ್ಕಿಗೋಸ್ಕರ ಶೆರಿ ಮಾಡೋದು! ತಮಾಷೆ ಅಲ್ವಾ?

ರುಚಿ ನೋಡೋಕೆ ಅವಸರ ಬೇಡ. ಸ್ಕಾಟ್ಲೆಂಡಿನ ಅಬರ್ಲೌರ್ ಅಬುನಾ ಥರದ ವಿಸ್ಕಿಯಲ್ಲಿ ಆಲ್ಕೋಹಾಲ್ 60% ಆಸುಪಾಸು ಇರುತ್ತದೆ. ಸುರಿದ ತಕ್ಷಣ ಮೂಗಿಟ್ಟರೆ ಬರೀ ಘಾಟು. ಸ್ವಲ್ಪ ಹೊತ್ತು ಸುಮ್ನೆ ಬಿಡಿ. ಬಾಯಿ ತುಸು ತೆರೆದುಕೊಂಡು ಮೂಸಿದರೆ ಒಣದ್ರಾಕ್ಷಿ, ಅಂಜೂರ, ಕಿತ್ತಳೆ ಸಿಪ್ಪೆ, ಲವಂಗ ಒಂದೊಂದಾಗಿ ಸಿಗುತ್ತವೆ. ಚಿಕ್ಕ ಗುಟುಕು ಸಾಕು. ಮೊದಲು ಸಿಹಿ, ಆಮೇಲೆ ನಾಲಿಗೆಯ ಅಂಚು ಹಿಡಿದುಕೊಳ್ಳುವ ಒಗರು. ಆ ಒಗರು ಮರದ್ದು, ಅದರಲ್ಲೂ ಯುರೋಪಿನ ಓಕ್‌ದು ಜಾಸ್ತಿ. ಅಮೆರಿಕದ ಓಕ್ ಆದರೆ ವೆನಿಲ್ಲಾ ಕಡೆ ವಾಲುತ್ತದೆ. ನಾಲ್ಕು ಹನಿ ನೀರು ಬಿಟ್ಟು ಮತ್ತೆ ಮೂಸಿ. ಐಸ್ ಮಾತ್ರ ಬೇಡ, ಪರಿಮಳ ಮುದುಡಿಕೊಳ್ಳುತ್ತದೆ.

ಬಣ್ಣ ನೋಡಿ ಮಾತ್ರ ಮರುಳಾಗಬೇಡಿ. ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಸೇರಿಸಲು ಕಾನೂನು ಅಡ್ಡಿ ಇಲ್ಲ. ‘ಫಿನಿಶ್’ ಅಂತ ಬರೆದಿದ್ದರೆ ಬೇರೆ ಪೀಪಾಯಿಯಲ್ಲಿ ಮಾಗಿದ್ದು, ಕೊನೆಗಷ್ಟೇ ಶೆರಿ ಪೀಪಾಯಿಗೆ ಬಂದಿದೆ. ಬೆಂಗಳೂರಿನ ಅಮೃತ್‌ನವರ ‘ಇಂಟರ್‌ಮೀಡಿಯೆಟ್ ಶೆರಿ’ ಇನ್ನೂ ಮಜವಾಗಿದೆ: ಶೆರಿ ಪೀಪಾಯಿ ನಡುವಿನ ನಿಲ್ದಾಣ. ಆಮೇಲೆ ಮತ್ತೆ ಬರ್ಬನ್ (ಅಮೆರಿಕದ ವಿಸ್ಕಿ) ತುಂಬಿಟ್ಟಿದ್ದ ಪೀಪಾಯಿಗೆ. ನಮ್ಮೂರ ಸೆಖೆಗೆ ಪೀಪಾಯಿಯಲ್ಲಿರುವ ವಿಸ್ಕಿ ವರ್ಷಕ್ಕೆ ಸುಮಾರು 10-12% ಆವಿಯಾಗಿಬಿಡುತ್ತದೆ. ಸ್ಕಾಟ್ಲೆಂಡಿನಲ್ಲಿ ಸುಮಾರು 2% ಅಷ್ಟೇ. ಹಾಗಾಗಿ ಇಲ್ಲಿ ವಿಸ್ಕಿ ಬೇಗ ಮಾಗುತ್ತದೆ, ದಾರಿ ತಪ್ಪುವುದೂ ಬೇಗ.

ಕೆಲವು ಬಾಟಲಿಗಳಲ್ಲಿ ಬೆಂಕಿಕಡ್ಡಿ ಗೀರಿದ ವಾಸನೆ ಬರುತ್ತದೆ. ಖಾಲಿ ಪೀಪಾಯಿ ಕೆಡದಿರಲಿ ಅಂತ ಒಳಗೆ ಗಂಧಕ ಸುಡುವುದುಂಟು, ಹೆಚ್ಚಾಗಿ ಅದರದ್ದೇ ಕೆಲಸ. ಅದೇ ಇಷ್ಟ ಅನ್ನುವವರೂ ಇದ್ದಾರೆ. ನನಗಂತೂ ಆಗಲ್ಲ.