ಜಾತ್ರೆ, ಸಮಾವೇಶ, ಮೆರವಣಿಗೆ: ಬಂದೋಬಸ್ತ್ ಮತ್ತು ಸಂಚಾರದ ಲೆಕ್ಕಾಚಾರ

‘ದೊಡ್ಡ ಸಾರ್ವಜನಿಕ ಕಾರ್ಯಕ್ರಮಕ್ಕೆ ಬಂದೋಬಸ್ತ್ ಹೇಗೆ ಮಾಡುತ್ತೀರಿ?’ ಎಂದು ಪೊಲೀಸ್ ಪರೀಕ್ಷೆಯಲ್ಲಿ ಕೇಳಿದರೆ ನಮ್ಮಲ್ಲಿ ಬಹಳಷ್ಟು ಮಂದಿ ಎಷ್ಟು ಎಸಿಪಿ, ಎಷ್ಟು ಇನ್‌ಸ್ಪೆಕ್ಟರ್, ಎಷ್ಟು ಕೆಎಸ್‌ಆರ್‌ಪಿ (ರಾಜ್ಯ ಮೀಸಲು ಪೊಲೀಸ್) ತುಕಡಿ ಎಂದು ಬರೆಯಲು ಶುರು ಮಾಡುತ್ತೇವೆ. ಅದು ಕೊನೆಗೆ ಬರುವ ಅಂಕಿ. ಜನ ಯಾವ ದಾರಿಯಿಂದ ಬರುತ್ತಾರೆ, ಎಲ್ಲಿ ನಿಲ್ಲುತ್ತಾರೆ, ನಿಮಿಷಕ್ಕೆ ಎಷ್ಟು ಮಂದಿ ಹೊರಗೆ ಹೋಗಬಲ್ಲರು ಎಂಬ ಲೆಕ್ಕ ಮುಗಿದ ಮೇಲೆ ಸಿಬ್ಬಂದಿಯ ಸಂಖ್ಯೆ ತಾನೇ ಹೊರಬೀಳುತ್ತದೆ. ಈ ಟಿಪ್ಪಣಿಯೂ ಅದೇ ಕ್ರಮದಲ್ಲಿದೆ. ಉದಾಹರಣೆಗಳಲ್ಲಿನ ಜನಸಂಖ್ಯೆ, ವಾಹನಸಂಖ್ಯೆಗಳು ಅಭ್ಯಾಸಕ್ಕೆಂದು ಹಿಡಿದವು.

ಹೊರದಾರಿಯಿಂದ ಶುರು

ಸಮತಟ್ಟಾದ ನೆಲದಲ್ಲಿ ಒಂದು ಮೀಟರ್ ಅಗಲದ ದಾರಿಯಿಂದ ನಿಮಿಷಕ್ಕೆ ಹೆಚ್ಚೆಂದರೆ 82 ಜನ ಹೊರಹೋಗಬಹುದು, ಮೆಟ್ಟಿಲಿದ್ದರೆ 66. ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತಾ ಮಾರ್ಗಸೂಚಿಯ ಈ ಅಂಕಿಗಳನ್ನೇ ಹಲವೆಡೆ ಆಧಾರವಾಗಿ ಹಿಡಿಯುತ್ತಾರೆ. ತುರ್ತು ಸಂದರ್ಭದಲ್ಲಿ ಜಾಗ ಖಾಲಿಯಾಗಲು ಗರಿಷ್ಠ 8 ನಿಮಿಷ.

ನೆಹರೂ ಮೈದಾನದಂಥ ಒಂದು ಬಯಲಿನಲ್ಲಿ 20,000 ಜನ ಸೇರುತ್ತಾರೆ ಎನ್ನೋಣ. 20,000 ÷ (82 × 8) = ಸುಮಾರು 30.5 ಮೀಟರ್. ಅಂದರೆ 6 ಮೀಟರಿನ ಐದು ಗೇಟ್ ಇದ್ದರೆ ಹೆಚ್ಚುಕಡಿಮೆ ಸಾಕು ಅನ್ನಿಸುತ್ತದೆ. ಆದರೆ ಅದರಲ್ಲಿ ಒಂದು ಗೇಟ್ ಬಂದ್ ಆದರೆ? ಎದುರಿಗೆ ಗಾಡಿ ನಿಂತಿರಬಹುದು, ಬೆಂಕಿ ಆ ಕಡೆಯೇ ಹತ್ತಿರಬಹುದು. ಉಳಿದ 24 ಮೀಟರಿನಿಂದ ಖಾಲಿಯಾಗಲು 10 ನಿಮಿಷ ದಾಟುತ್ತದೆ. ಹಾಗಾಗಿ ಐದು ಸಾಲದು, 6 ಮೀಟರಿಗಿಂತ ತುಸು ಅಗಲದ ಆರು ಬೇಕು. ‘ಒಂದು ಗೇಟ್ ಸತ್ತಿದೆ’ ಎಂದು ಹಿಡಿದೇ ಲೆಕ್ಕ ಹಾಕಬೇಕೆಂಬುದನ್ನು ಉತ್ತರ ಪತ್ರಿಕೆಯಲ್ಲಿ ಮರೆಯದೆ ಬರೆಯಿರಿ.

ವಿಐಪಿಗೆಂದು ಮೀಸಲಿಟ್ಟ ಗೇಟನ್ನು ಈ ಲೆಕ್ಕಕ್ಕೆ ಸೇರಿಸಬಾರದು. ನಕ್ಷೆಯಲ್ಲಿ ಆರು ಗೇಟ್ ಇರುತ್ತವೆ. ಒಂದು ಗಣ್ಯರಿಗೆ, ಒಂದಕ್ಕೆ ಬೀಗ, ಒಂದರ ಮುಂದೆ ಮಿರ್ಚಿ-ಗಿರಮಿಟ್ ಗಾಡಿಗಳ ಸಾಲು. ಜನರಿಗೆ ಉಳಿಯುವುದು ಮೂರು.

ದಟ್ಟಣೆ ಎಂದರೆ ಎಷ್ಟು?

ಒಂದು ಚದರ ಮೀಟರಿಗೆ ಇಬ್ಬರಿದ್ದರೆ ಆರಾಮಾಗಿ ನಡೆಯಬಹುದು. ನಾಲ್ವರಾದರೆ ನಿಲ್ಲಬಹುದು, ನಡಿಗೆ ತೊಡರುತ್ತದೆ. ಐದು ದಾಟಿದರೆ ಅಪಾಯ ಶುರು. ಏಳರ ಹತ್ತಿರ ಬಂದರೆ ಯಾರ ಕಾಲೂ ಅವರ ಹಿಡಿತದಲ್ಲಿರುವುದಿಲ್ಲ, ಇಡೀ ಗುಂಪು ನೀರಿನಂತೆ ಅಲೆ ಅಲೆಯಾಗಿ ತೂಗುತ್ತದೆ. ಸುದ್ದಿಯಲ್ಲಿ ‘ಕಾಲ್ತುಳಿತ’ ಎಂದು ಬಂದರೂ ಇಂಥ ಕಡೆ ಹೆಚ್ಚಿನ ಸಾವು ಆಗುವುದು ಎದೆಯ ಮೇಲಿನ ಒತ್ತಡದಿಂದ ಉಸಿರು ಕಟ್ಟಿ, ಎಷ್ಟೋ ಸಲ ನಿಂತಲ್ಲೇ.

2022ರ ಅಕ್ಟೋಬರ್ 29ರಂದು ದಕ್ಷಿಣ ಕೊರಿಯಾದ ಸೋಲ್ ನಗರದ ಇಟೆವಾನ್‌ನಲ್ಲಿ ಸುಮಾರು 3.2 ಮೀಟರ್ ಅಗಲದ ಇಳಿಜಾರು ಓಣಿಯೊಳಗೆ ಎರಡೂ ಕಡೆಯಿಂದ ಜನ ನುಗ್ಗಿ 159 ಮಂದಿ ಸತ್ತರು. 2010ರಲ್ಲಿ ಜರ್ಮನಿಯ ಡ್ಯೂಸ್‌ಬರ್ಗ್‌ನಲ್ಲಿ 21 ಸಾವು: ಒಳಬರುವವರಿಗೂ ಹೊರಹೋಗುವವರಿಗೂ ಒಂದೇ ರ‍್ಯಾಂಪ್ ಇತ್ತು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿ ಸತ್ತದ್ದು ಗೇಟಿನ ಬಳಿಯ ನೂಕುನುಗ್ಗಲಿನಲ್ಲಿ. ಮೂರೂ ಕಡೆ ಅಪಘಾತ ಆದದ್ದು ಕಾರ್ಯಕ್ರಮದ ವೇದಿಕೆಯ ಮುಂದಲ್ಲ, ಅಲ್ಲಿಗೆ ಹೋಗುವ ದಾರಿಯಲ್ಲಿ.

ಮುಂದಿನವರು ಸಿಕ್ಕಿಹಾಕಿಕೊಂಡದ್ದು ಹಿಂದಿನವರಿಗೆ ಕಾಣುವುದಿಲ್ಲ. ಆದ್ದರಿಂದ ಒತ್ತಡ ಏರಿದಾಗ ಮೊದಲ ಆದೇಶ ಹೋಗಬೇಕಾದದ್ದು ಹಿಂದಿನ ತುದಿಗೆ: ಒಳಬಿಡುವುದನ್ನು ನಿಲ್ಲಿಸಿ, ಆಮೇಲೆ ಮುಂದೆ ಬ್ಯಾರಿಕೇಡ್ ತೆಗೆಯಿರಿ. ಹಿಂದೆ ನಿಂತ ಸಿಬ್ಬಂದಿ ‘ಮುಂದ ನಡೀರಿ, ಮುಂದ ನಡೀರಿ’ ಎಂದು ಲಾಠಿ ಬೀಸಿದರೆ ಕೆಲಸ ಉಲ್ಟಾ ಆಗುತ್ತದೆ.

ತಪಾಸಣೆ ಎಂಬ ಮುಚ್ಚಳ

ಭದ್ರತೆಯೂ ಸಂಚಾರವೂ ಒಂದಕ್ಕೊಂದು ಅಡ್ಡ ಬರುವುದು ಇಲ್ಲೇ. ಮೆಟಲ್ ಡಿಟೆಕ್ಟರ್ ಚೌಕಟ್ಟು ದಾಟಿ, ಕೈಯಿಂದ ತಪಾಸಣೆ ಮುಗಿಯಲು ಒಬ್ಬರಿಗೆ 6 ಸೆಕೆಂಡ್ ಹಿಡಿದರೆ ಒಂದು ಚೌಕಟ್ಟಿನಿಂದ ಗಂಟೆಗೆ 600 ಜನ. ಎರಡು ಗಂಟೆಯಲ್ಲಿ 20,000 ಮಂದಿ ಒಳಬರಬೇಕೆಂದರೆ 17 ಚೌಕಟ್ಟು ಬೇಕು. ಹನ್ನೆರಡೇ ಇಟ್ಟರೆ ಒಳಹೋಗುವುದು 14,400. ಉಳಿದ 5,600 ಮಂದಿ ರಸ್ತೆ ಮೇಲೆ. ಚದರ ಮೀಟರಿಗೆ ಇಬ್ಬರಂತೆ ಹಿಡಿದರೂ ಅವರಿಗೇ 2,800 ಚದರ ಮೀಟರ್ ಜಾಗ ಬೇಕು. ಆ ಜಾಗ ನಕ್ಷೆಯಲ್ಲಿ ಇಲ್ಲದಿದ್ದರೆ ಅವರು ನಿಲ್ಲುವುದು ಆಂಬುಲೆನ್ಸ್ ದಾರಿಯಲ್ಲಿ. ಮಹಿಳೆಯರ ತಪಾಸಣೆ ಮರೆಯಲ್ಲಿ ನಡೆಯುವುದರಿಂದ ಇನ್ನೂ ನಿಧಾನ. ಆ ಸಾಲಿಗೆ ಚೌಕಟ್ಟುಗಳನ್ನು ಹೆಚ್ಚೇ ಇಡಬೇಕು, ಮಹಿಳಾ ಸಿಬ್ಬಂದಿಯ ಎಣಿಕೆಯೂ ಅಲ್ಲಿಂದಲೇ ಬರುತ್ತದೆ.

ಬ್ಯಾಗ್ ತರಬೇಡಿ ಎಂದು ಎರಡು ದಿನ ಮೊದಲೇ ಪ್ರಕಟಿಸಿದರೆ ಆ 6 ಸೆಕೆಂಡಿನ ಲೆಕ್ಕ ಕೆಡದೆ ನಿಲ್ಲುತ್ತದೆ. ಗೇಟಿನಲ್ಲಿ ಹೇಳಿದರೆ ಅದು ಜಗಳ.

ಮೆರವಣಿಗೆಯ ವೇಗ ನಿರ್ಧರಿಸುವುದು ಯಾರು?

ಹುಬ್ಬಳ್ಳಿಯ ಗಣೇಶ ವಿಸರ್ಜನೆ ಓದಿಗೆ ಬಹಳ ಒಳ್ಳೆಯ ಉದಾಹರಣೆ. ದುರ್ಗದಬೈಲ್ ಸುತ್ತಲಿನ ಇಕ್ಕಟ್ಟಾದ ಪೇಟೆ ರಸ್ತೆಗಳು, ಹಲವು ಮಂಡಳಿಗಳು, ಕೊನೆಗೆ ಗ್ಲಾಸ್‌ಹೌಸ್ ಬಾವಿ ಅಥವಾ ಹೊಸೂರ ಬಾವಿ. ರಸ್ತೆ ಅಗಲವಿದ್ದರೆ ಬೇಗ ಮುಗಿದೀತು ಎಂದು ತೋರುತ್ತದೆ. ಲೆಕ್ಕ ಬೇರೆಯೇ ಹೇಳುತ್ತದೆ. ಕ್ರೇನಿನಿಂದ ಒಂದು ದೊಡ್ಡ ಮೂರ್ತಿ ಇಳಿಸಲು 10 ನಿಮಿಷ ಹಿಡಿದರೆ 20 ಮೂರ್ತಿಗೆ 3 ಗಂಟೆ 20 ನಿಮಿಷ. ಪ್ರತಿ ಮಂಡಳಿಯ ಟ್ರಾಲಿ, ವಾದ್ಯ, ಜನ ಸೇರಿ 60 ಮೀಟರ್, ನಡುವೆ 40 ಮೀಟರ್ ಅಂತರ ಎಂದರೆ ಸಾಲಿನ ಉದ್ದ 2 ಕಿಲೋಮೀಟರ್. ಮುಂದಿನದು ಬಾವಿ ಮುಟ್ಟಿದಾಗ ಹಿಂದಿನದು ಇನ್ನೂ ಪೇಟೆಯಲ್ಲೇ ಇರುತ್ತದೆ. ಇಡೀ ಮೆರವಣಿಗೆಯ ವೇಗ ಆ ಕ್ರೇನಿನ ಕೈಯಲ್ಲಿದೆ. ಇನ್ನೊಂದು ಕ್ರೇನ್ ತರುವುದು ನೂರು ಕಾನ್‌ಸ್ಟೆಬಲ್‌ಗಳನ್ನು ಹೆಚ್ಚಿಗೆ ಹಾಕುವುದಕ್ಕಿಂತ ಮೇಲು.

ಧ್ವನಿವರ್ಧಕಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಷೇಧ. ಹಬ್ಬಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಸಡಿಲಿಸಬಹುದು. ಹಾಗಾಗಿ ಕೊನೆಯ ಮೂರ್ತಿಯ ಸಮಯದಿಂದ ಹಿಂದಕ್ಕೆ ಎಣಿಸಿ ಮೊದಲ ಮಂಡಳಿಯ ಹೊರಡುವ ಸಮಯ ನಿಗದಿ ಮಾಡಬೇಕು.

ದಾರಿ ಸಮೀಕ್ಷೆಯಲ್ಲಿ ಅಳೆಯುವುದು ಮೂರು: ಟ್ರಾಲಿ ಸೇರಿ ಮೂರ್ತಿಯ ಎತ್ತರ, ದಾರಿಯ ಅತಿ ಕೆಳಗಿನ ತಂತಿ, ಅತಿ ಇಕ್ಕಟ್ಟಾದ ತಿರುವು. ತಂತಿಯ ಕೆಲಸಕ್ಕೆ ಹೆಸ್ಕಾಂ ಲೈನ್‌ಮನ್ ಮೆರವಣಿಗೆ ಜೊತೆಗೇ ನಡೆಯಬೇಕು. ಕೋಲಿನಿಂದ ತಂತಿ ಎತ್ತುವ ಹುಡುಗರನ್ನು ಟ್ರಾಲಿ ಮೇಲೆ ಬಿಡುವುದು ಸಾವಿಗೆ ದಾರಿ.

ಪಾರ್ಕಿಂಗ್: ಗುಂಟೆ ಲೆಕ್ಕ

ಓಡಾಟದ ಜಾಗ ಸೇರಿ ಒಂದು ಕಾರಿಗೆ ಸುಮಾರು 25 ಚದರ ಮೀಟರ್. ಗುಂಟೆ ಎಂದರೆ ಸುಮಾರು 101 ಚದರ ಮೀಟರ್. ಆದ್ದರಿಂದ ಗುಂಟೆಗೆ ನಾಲ್ಕು ಕಾರು ಅಥವಾ ತಿರುಗುವ ಜಾಗ ಹಿಡಿದು ಒಂದು ಬಸ್ಸು, ಇಲ್ಲವೇ ಟ್ರೇಲರ್ ಸಹಿತ ಒಂದು ಟ್ರ್ಯಾಕ್ಟರ್. ಎಕರೆಗೆ 160 ಕಾರು, 40 ಬಸ್ಸು.

ಧಾರವಾಡದ ಕೃಷಿ ಮೇಳಕ್ಕೆ ಈ ಲೆಕ್ಕ ಮಳೆಯೊಂದಿಗೆ ಬೆರೆಯುತ್ತದೆ. ಮೇಳ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ. ಎರೆ ನೆಲದಲ್ಲಿ ಒಂದು ಒಳ್ಳೆ ಮಳೆ ಬಿದ್ದರೆ ಗಾಲಿ ಹೂತು, ಬಾಗಿಲಲ್ಲೇ ಸಿಕ್ಕ ಒಂದು ಬಸ್ಸು ಇಡೀ ಬಯಲನ್ನು ಬಂದ್ ಮಾಡುತ್ತದೆ. ಬಾಗಿಲಿಗೂ ಒಳದಾರಿಗೂ ಗರಸು ಹಾಕಿಸಿ, ಎಳೆಯಲು ಒಂದು ಟ್ರ್ಯಾಕ್ಟರ್ ಕಾಯ್ದಿರಿಸಿ, ಒಳಬರುವ-ಹೊರಹೋಗುವ ಬಾಗಿಲು ಬೇರೆ ಇಡಿ. ಗದಗ ಕಡೆಯಿಂದ ಬರುವ ಗಾಡಿಗೆ ಬೆಳಗಾವಿ ರಸ್ತೆ ಬದಿಯ ಬಯಲು ಕೊಟ್ಟರೆ ಅದು ಊರನ್ನು ಎರಡು ಸಲ ಸೀಳಿಕೊಂಡು ಹೋಗುತ್ತದೆ. ಬಂದ ದಿಕ್ಕಿನಲ್ಲೇ ನಿಲುಗಡೆ ಎಂಬುದು ಮೂಲ ನಿಯಮ.

ಹುಬ್ಬಳ್ಳಿ-ಧಾರವಾಡ ನಡುವೆ ಚಿಗರಿ ಬಸ್ಸಿನ ಪ್ರತ್ಯೇಕ ಪಥ ರಸ್ತೆಯ ಮಧ್ಯದಲ್ಲಿದೆ. ವಿದ್ಯಾನಗರದ ಕಿಮ್ಸ್ ಆಸ್ಪತ್ರೆ (ಈಗಿನ ಹೆಸರು ಕೆಎಂಸಿಆರ್‌ಐ) ಇದೇ ರಸ್ತೆಯ ಮೇಲಿರುವುದರಿಂದ ಅವಳಿ ನಗರದಲ್ಲಿ ತುರ್ತು ವಾಹನಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಸಿಗದು. ಜನರನ್ನು ಒಮ್ಮೆ ಅದರೊಳಗೆ ಬಿಟ್ಟರೆ ಬಸ್ಸೂ ಹೋಯಿತು, ಆಂಬುಲೆನ್ಸೂ ಹೋಯಿತು.

ಗಣ್ಯರು ಬಂದಾಗ

ಪ್ರಧಾನಿ ಭೇಟಿಯಲ್ಲಿ ಒಳವಲಯ ಎಸ್‌ಪಿಜಿಯದು (ಪ್ರಧಾನಿಯ ವಿಶೇಷ ರಕ್ಷಣಾ ಪಡೆ), ಹೊರವಲಯಗಳು ಮತ್ತು ದಾರಿ ರಾಜ್ಯ ಪೊಲೀಸರದು. ವೇದಿಕೆ ಮುಂದಿನ ಖಾಲಿ ಅರ್ಧವೃತ್ತಕ್ಕೆ ‘ಡಿ’ ಎನ್ನುತ್ತಾರೆ. 2023ರ ಜನವರಿ 12ರಂದು ರಾಷ್ಟ್ರೀಯ ಯುವಜನೋತ್ಸವದ ಉದ್ಘಾಟನೆಗೆ ಪ್ರಧಾನಿ ಹುಬ್ಬಳ್ಳಿಗೆ ಬಂದಾಗ ಬಾಲಕನೊಬ್ಬ ಹಾರ ಹಿಡಿದು ಕಾರಿನ ಹತ್ತಿರದವರೆಗೆ ಬಂದದ್ದು ದೇಶದ ತುಂಬ ಸುದ್ದಿಯಾಯಿತು. ರಸ್ತೆ ಬದಿಯ ಸಿಬ್ಬಂದಿಯ ಮುಖ ಜನರ ಕಡೆ ಇರಬೇಕು, ಕಾರಿನ ಕಡೆ ಅಲ್ಲ ಎಂಬ ಹಳೆಯ ಸೂಚನೆ ಇರುವುದು ಇಂಥ ಕ್ಷಣಕ್ಕೇ.

ರಸ್ತೆ ತಡೆಗೂ ಲೆಕ್ಕವಿದೆ. ನಿಮಿಷಕ್ಕೆ 40 ವಾಹನ ಬರುವ, 60 ಹೋಗಬಲ್ಲ ರಸ್ತೆಯನ್ನು 15 ನಿಮಿಷ ತಡೆದರೆ 600 ವಾಹನ ನಿಲ್ಲುತ್ತವೆ. ತೆರೆದ ಮೇಲೆ ನಿಮಿಷಕ್ಕೆ 20ರಂತೆ ಕರಗಲು ಇನ್ನೂ 30 ನಿಮಿಷ. 5 ನಿಮಿಷವೇ ತಡೆದರೆ 10 ನಿಮಿಷದಲ್ಲಿ ಸರಿಹೋಗುತ್ತದೆ. ‘ಯಾವುದಕ್ಕೂ ಇರಲಿ’ ಎಂದು ಮೊದಲೇ ತಡೆಯುವ ಅಭ್ಯಾಸಕ್ಕೆ ನಗರ ತೆರುವ ಬೆಲೆ ಇದು. ಡ್ರೋನ್ ತಡೆಯಲು 2021ರ ಡ್ರೋನ್ ನಿಯಮಗಳಡಿ 96 ಗಂಟೆ ಮೀರದಂತೆ ತಾತ್ಕಾಲಿಕ ಕೆಂಪು ವಲಯ ಘೋಷಿಸಬಹುದು.

ಕಾನೂನಿನ ಆಧಾರ, ಚುಟುಕಾಗಿ

ಮಾರ್ಗ ಬದಲಾವಣೆಗೆ ಮೋಟಾರು ವಾಹನ ಕಾಯ್ದೆ 1988ರ ಕಲಂ 115. ನಿರ್ಬಂಧ ಒಂದು ತಿಂಗಳು ಮೀರದಿದ್ದರೆ ರಾಜ್ಯಪತ್ರದ ಅಧಿಸೂಚನೆ ಬೇಡ, ಸ್ಥಳೀಯ ಪ್ರಚಾರ ಸಾಕು. ನಿಷೇಧಾಜ್ಞೆಗೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 144ರ ಬದಲು 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 163. ಹುಬ್ಬಳ್ಳಿ-ಧಾರವಾಡದಲ್ಲಿ ಈ ಆದೇಶ ಹೊರಡುವುದು ಪೊಲೀಸ್ ಆಯುಕ್ತರಿಂದ. ಗದಗ, ಹಾವೇರಿಯಲ್ಲಿ ಜಿಲ್ಲಾಧಿಕಾರಿಯಿಂದ. ಈ ವ್ಯತ್ಯಾಸ ಬಹುಆಯ್ಕೆ ಪ್ರಶ್ನೆಗೆ ಹೇಳಿ ಮಾಡಿಸಿದಂತಿದೆ. ಜನಸಂದಣಿ ನಿರ್ವಹಣೆಗೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 2014ರ ಮಾರ್ಗದರ್ಶಿಯನ್ನೂ ಹೆಸರಿಸಿ.

ಊಟ, ಧ್ವನಿ, ಕೊನೆಯ ಗಂಟೆ

2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ ನಡೆದಂಥ ಸಾಹಿತ್ಯ ಸಮ್ಮೇಳನದಲ್ಲಿ ಮಧ್ಯಾಹ್ನದ ಒತ್ತಡ ವೇದಿಕೆಯ ಮುಂದಲ್ಲ, ಊಟದ ಕೌಂಟರಿನಲ್ಲಿ. ಎರಡು ಗಂಟೆಯಲ್ಲಿ 20,000 ಊಟ ಎಂದರೆ ನಿಮಿಷಕ್ಕೆ 167. ಕೌಂಟರಿಗೆ ನಿಮಿಷಕ್ಕೆ ಎಂಟು ಮಂದಿಯಂತೆ 21 ಕೌಂಟರ್.

ಜನ ಹೆಚ್ಚಾದಾಗ ಮೊಬೈಲ್ ಜಾಲ ಕೈಕೊಡುತ್ತದೆ. ವಾಕಿಟಾಕಿ, ಸ್ವಂತ ಜನರೇಟರ್ ಇರುವ ಧ್ವನಿವರ್ಧಕ ಎರಡೂ ಬೇಕು. ಪ್ರಕಟಣೆಯಲ್ಲಿ ‘ಈಶಾನ್ಯ ದ್ವಾರ’ ಎಂದರೆ ಯಾರೂ ಅಲುಗುವುದಿಲ್ಲ. ‘ಬಸ್‌ಸ್ಟ್ಯಾಂಡ್ ಕಡೆ ಗೇಟ್ ತೆರದೈತ್ರಿ, ಆ ಕಡೆ ಹೋಗ್ರಿ’ ಎಂದರೆ ಜನ ತಿರುಗುತ್ತಾರೆ.

ಬರುವಾಗ ಮೂರು ಗಂಟೆಯಲ್ಲಿ ಹಂಚಿಹೋದ ಜನ ಹೋಗುವಾಗ ಅರ್ಧ ಗಂಟೆಯಲ್ಲಿ ಒಟ್ಟಿಗೆ ಹೊರಡುತ್ತಾರೆ. ಗಣ್ಯರ ಕಾರು ದಾಟಿದೊಡನೆ ಸಿಬ್ಬಂದಿ ಪಾಯಿಂಟ್ ಬಿಟ್ಟು ಊಟಕ್ಕೆ ನಡೆಯುವುದೂ ಅದೇ ಅರ್ಧ ಗಂಟೆಯಲ್ಲಿ. ಬಂದೋಬಸ್ತ್ ಸ್ಕೀಮಿನಲ್ಲಿ ‘ಕಾರ್ಯಕ್ರಮ ಮುಗಿಯುವವರೆಗೆ’ ಎಂದು ಬರೆಯದೆ ‘ಪಾರ್ಕಿಂಗ್ ಖಾಲಿಯಾಗಿ ಸೆಕ್ಟರ್ ಅಧಿಕಾರಿ ವೈರ್‌ಲೆಸ್‌ನಲ್ಲಿ ಹೇಳುವವರೆಗೆ’ ಎಂದು ಬರೆಯಿರಿ. ಊಟದ ಪೊಟ್ಟಣವನ್ನು ಪಾಯಿಂಟಿಗೇ ಮುಟ್ಟಿಸುವ ವಾಹನದ ನಂಬರನ್ನೂ ಅದೇ ಹಾಳೆಯಲ್ಲಿ ಸೇರಿಸಿ.