ನರ್ಸರಿ ಆವಾಸ: ಮರಿ ಕಂಡಲ್ಲೆಲ್ಲ ಅಲ್ಲ

ಮಳೆಗಾಲದಲ್ಲಿ ಭೀಮಾ ನದಿ ದಂಡೆ ಮೀರಿ ಹರಿದರೆ ಕಲಬುರಗಿ ಜಿಲ್ಲೆಯ ಅಫಜಲಪುರ, ಜೇವರ್ಗಿ ಕಡೆಯ ತಗ್ಗು ಹೊಲಗಳು, ಹಳ್ಳ ಬಂದು ಕೂಡುವ ಜಾಗಗಳು ಕೆಲವು ದಿನ ನೀರಲ್ಲೇ ಇರುತ್ತವೆ. ಗೆಂಡೆ ಜಾತಿಯ ಹಲವು ಮೀನುಗಳು ಇಂಥ ಹೊಸ ನೀರಿನ ಅಂಚು ಹುಡುಕಿಕೊಂಡು ಬಂದು ಮೊಟ್ಟೆ ಇಡುತ್ತವೆ. ಅಲ್ಲಿ ಸೆಳವು ಕಡಿಮೆ, ನೀರು ಬೆಚ್ಚಗೆ. ಮುಳುಗಿದ ಹುಲ್ಲು ಕೊಳೆತಂತೆ ಹುಟ್ಟುವ ಸೂಕ್ಷ್ಮಜೀವಿಗಳೇ ಮರಿಗಳ ಮೇವು. ಮರಿಗಳನ್ನು ಹೀಗೆ ಸಾಕಿ ದೊಡ್ಡ ಮೀನಿನ ಹಿಂಡಿಗೆ ಸೇರಿಸುವ ಜಾಗವೇ ನರ್ಸರಿ ಆವಾಸ. ಈ ಪರಿಕಲ್ಪನೆ ಬೆಳೆದದ್ದು ಕಡಲಂಚಿನಲ್ಲಿ. ಅಳಿವೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಕಡಲಹುಲ್ಲು ಅದರ ಹೆಸರಾಂತ ಉದಾಹರಣೆಗಳು.

ಬಹಳ ಮರಿ ಕಂಡರೆ ಸಾಕು, ನರ್ಸರಿ ಎಂದುಬಿಡುವ ರೂಢಿ ಮೊದಲಿತ್ತು. 2001ರಲ್ಲಿ ಕಡಲ ವಿಜ್ಞಾನಿ ಮೈಕೆಲ್ ಬೆಕ್ ಮತ್ತು ಸಂಗಡಿಗರು ಅದನ್ನು ಬಿಗಿಗೊಳಿಸಿದರು. ಅವರ ಪ್ರಕಾರ, ಮರಿಗಳಿರುವ ಬೇರೆ ಜಾಗಗಳಿಗಿಂತ ಎಕರೆಗೆ ಇಷ್ಟು ಎಂಬ ಲೆಕ್ಕದಲ್ಲಿ ಹೆಚ್ಚು ಮರಿಗಳನ್ನು ಪ್ರಾಯದ ಹಿಂಡಿಗೆ ತಲುಪಿಸಿದರೆ ಮಾತ್ರ ಅದು ನರ್ಸರಿ. ಮರಿಗಳ ದಟ್ಟಣೆ, ಬೆಳವಣಿಗೆ, ಉಳಿವು, ಅಲ್ಲಿಂದ ಹೊರಟು ಹಿಂಡು ಸೇರುವುದು ನಾಲ್ಕನ್ನೂ ನೋಡಬೇಕು. ಕೊನೆಯದನ್ನು ಅಳೆಯುವುದೇ ಕಷ್ಟ, ತೀರ್ಪು ನಿಲ್ಲುವುದೂ ಅದರ ಮೇಲೆಯೇ. ಪ್ರವಾಹ ಸರ್ರನೆ ಇಳಿದಾಗ ದಂಡೆಯ ಮರಳು ತೆಗೆದ ಗುಂಡಿಗಳಲ್ಲಿ ಮರಿಗಳು ಬೊಗಸೆಗೆ ಸಿಗುವಷ್ಟು ದಟ್ಟವಾಗಿರಬಹುದು. ಹೊಳೆಗೆ ದಾರಿ ಇಲ್ಲದಿದ್ದರೆ ಅವು ಅಲ್ಲೇ ಒಣಗುತ್ತವೆ, ಇಲ್ಲವೇ ಕೊಕ್ಕರೆಯ ಪಾಲು. ಅದು ನರ್ಸರಿಯಲ್ಲ, ಬಲೆ.

ನಮ್ಮ ಕೆರೆಗಳ ಕಥೆ ಬೇರೆ. 1957ರಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿಯವರು ಹಾರ್ಮೋನು ಚುಚ್ಚಿ ಗೆಂಡೆ ಮೀನುಗಳಿಂದ ಮೊಟ್ಟೆ ಇಡಿಸಿದರು. ಆಮೇಲೆ ಮರಿಗಾಗಿ ಹೊಳೆಯನ್ನೇ ಕಾಯುವ ಅಗತ್ಯ ತಪ್ಪಿತು. ಕಾಟ್ಲಾ, ರೋಹು ಮರಿಗಳನ್ನು ಕೊಂಡು ತಂದು ಕೆರೆಗೆ ಬಿಡುವುದು ಈಗ ಮಾಮೂಲು. ಮರಿಗೆ ಕೊಡುವ ಆ ದುಡ್ಡೇ, ಹೊಳೆಯಂಚು ಬಿಟ್ಟಿಯಾಗಿ ಮಾಡುವ ಕೆಲಸದ ಬೆಲೆಯ ಒಂದು ಅಂದಾಜು. ಪೂರ್ತಿ ಬೆಲೆಯಲ್ಲ, ಯಾಕೆಂದರೆ ಮಾರಾಟಕ್ಕೆ ಸಿಗುವುದು ಬೆರಳೆಣಿಕೆಯ ಜಾತಿಗಳು.

ಪರಿಸರ ವ್ಯವಸ್ಥೆಯ ಸೇವೆಗಳ, ಅಂದರೆ ಪ್ರಕೃತಿ ನಮಗೆ ಮಾಡಿಕೊಡುವ ಕೆಲಸಗಳ, ಪಟ್ಟಿಯಲ್ಲಿ ನರ್ಸರಿಯ ಜಾಗ ಎಲ್ಲಿ ಎಂಬುದಕ್ಕೆ ಒಮ್ಮತವಿಲ್ಲ. ವಿಶ್ವಸಂಸ್ಥೆಯ ಕರೆಯಂತೆ ನಡೆದ ಸಹಸ್ರಮಾನದ ಪರಿಸರ ಮೌಲ್ಯಮಾಪನ (2005) ಸೇವೆಗಳನ್ನು ಒದಗಿಸುವ, ನಿಯಂತ್ರಿಸುವ, ಸಾಂಸ್ಕೃತಿಕ, ಪೋಷಕ (ಉಳಿದವಕ್ಕೆ ಆಧಾರವಾಗುವ) ಎಂದು ನಾಲ್ಕಾಗಿ ವಿಂಗಡಿಸಿತು. ನಂತರ ಬಂದ, ಪ್ರಕೃತಿಯ ಆರ್ಥಿಕ ಬೆಲೆ ಲೆಕ್ಕ ಹಾಕಿದ ಟೀಬ್ (TEEB) ಎಂಬ ಅಂತರರಾಷ್ಟ್ರೀಯ ಅಧ್ಯಯನ ಪೋಷಕ ಎಂಬುದನ್ನು ಕೈಬಿಟ್ಟು ‘ಆವಾಸ ಸೇವೆ’ ಎಂಬ ಗುಂಪು ಮಾಡಿ ನರ್ಸರಿಯನ್ನು ಅದರಲ್ಲಿಟ್ಟಿತು. ಇಂಥ ಸೇವೆಗಳನ್ನು ವಿಂಗಡಿಸುವ ಯುರೋಪಿನ ಸೈಸಸ್ (CICES) ವರ್ಗೀಕರಣದಲ್ಲಿ ಅದು ನಿಯಂತ್ರಣ ಮತ್ತು ನಿರ್ವಹಣೆಯ ಕೆಳಗೆ ಬರುತ್ತದೆ. ಈ ಜಗ್ಗಾಟದ ಹಿಂದೆ ಹಣದ ಪ್ರಶ್ನೆಯಿದೆ: ಹಿಡಿದ ಮೀನಿಗೂ ಬೆಲೆ ಕಟ್ಟಿ, ಅದನ್ನು ಬೆಳೆಸಿದ ಅಂಚಿಗೂ ಬೇರೆಯಾಗಿ ಕಟ್ಟಿ ಕೂಡಿಸಿದರೆ ಒಂದೇ ಮೀನು ಎರಡು ಸಲ ಲೆಕ್ಕಕ್ಕೆ ಬರುತ್ತದೆ.

ಹಾಗೆಂದು ಅಂಚನ್ನು ಲೆಕ್ಕದಿಂದಲೇ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಮರಿ ಬೆಳೆಯುವುದು ಒಂದು ಕಡೆ, ಬಲೆ ಬೀಳುವುದು ಇನ್ನೊಂದು ಕಡೆ. ಅಫಜಲಪುರದಲ್ಲಿ ನದಿಯಂಚು ಹಾಳಾದರೆ ನಷ್ಟ ಹೊಳೆಯ ಕೆಳಭಾಗದ ಯಾದಗಿರಿಯ ಮೀನುಗಾರನಿಗೂ ತಟ್ಟಬಹುದು. ಹಿಡಿದ ಮೀನನ್ನಷ್ಟೇ ತೂಗಿದರೆ ಆ ನಷ್ಟ ಎಲ್ಲಿ ಶುರುವಾಯಿತೆಂದು ಗೊತ್ತಾಗುವುದಿಲ್ಲ.